ಮುತ್ತು ಒಡೆದರೆ ಹೋಯಿತು: ‘ಎಂಟ್ರೊಪಿ’ ಎಂಬ ಪದದ ಕಥೆ

ರಾತ್ರಿ ಒಂಬತ್ತರ ಚರ್ಚೆ. ನನ್ನ ಮುಂದೆ ನಾಲ್ಕು ಜನ, ನಾಲ್ಕೂ ಜನ ಒಟ್ಟಿಗೇ ಮಾತಾಡುತ್ತಿದ್ದಾರೆ. ವಿಷಯ ಒಂದು ಪಕ್ಷದ ಒಳಜಗಳ. ಆ ಪಕ್ಷದ ವಕ್ತಾರರು ನನ್ನ ಪ್ರಶ್ನೆಗೆ ನೇರ ಉತ್ತರ ಕೊಡದೆ ಊರೆಲ್ಲ ಸುತ್ತಿ ಬರುತ್ತಿದ್ದರು. ನನಗೆ ರೇಗಿತು. “ಸಾರ್, ನಿಮ್ಮ ಪಕ್ಷದಲ್ಲಿ ಈಗ ಆಗ್ತಿರೋದಕ್ಕೆ ವಿಜ್ಞಾನದಲ್ಲಿ ಒಂದು ಹೆಸರಿದೆ. ಎಂಟ್ರೊಪಿ! ಎಂಟ್ರೊಪಿ ಅಂದ್ರೆ ಗದ್ದಲ, ಅವ್ಯವಸ್ಥೆ. ಅದು ಹೆಚ್ತಾನೇ ಹೋಗುತ್ತೆ, ಯಾವತ್ತೂ ಕಡಿಮೆ ಆಗಲ್ಲ. ಇದು ನಾನು ಹೇಳ್ತಿರೋದಲ್ಲ, ಫಿಸಿಕ್ಸ್ ಹೇಳ್ತಿರೋದು” ಅಂದುಬಿಟ್ಟೆ.

ವಕ್ತಾರರು ತಬ್ಬಿಬ್ಬಾದರು. ಉಳಿದವರೂ ಒಂದು ಕ್ಷಣ ಸುಮ್ಮನಾದರು. ನಮ್ಮ ಹುಡುಗರು ಅಷ್ಟನ್ನೇ ಕತ್ತರಿಸಿ ಮೊಬೈಲಿಗೆ ಬಿಟ್ಟರು. “ಆಂಕರ್ ಕೊಟ್ಟ ಫಿಸಿಕ್ಸ್ ಏಟು” ಅಂತ ಶೀರ್ಷಿಕೆ ಬೇರೆ. ಅವತ್ತು ರಾತ್ರಿ ನಾನು ಬಹಳ ಖುಷಿಯಾಗಿ ಮಲಗಿದೆ.

ಬೆಳಗ್ಗೆ ಕಚೇರಿಗೆ ಒಂದು ಫೋನ್ ಬಂತು. ರಾಯಚೂರು ಕಡೆಯ ಹಿರಿಯರು. ಉಷ್ಣ ವಿದ್ಯುತ್ ಸ್ಥಾವರದಲ್ಲಿ ದುಡಿದು ನಿವೃತ್ತರಾದವರು.

“ನಮಸ್ಕಾರ್ರಿ ಸರ. ನೀವು ಇಂಜಿನಿಯರಿಂಗ್ ಓದೀರಿ ಅಂತ ಕೇಳೇನಿ, ಖರೆ ಏನ್ರಿ?”

“ಹೌದು ಸಾರ್, ಮೆಕ್ಯಾನಿಕಲ್.”

“ಹಂಗಾದ್ರ ಎಂಟ್ರೊಪಿ ಅಂದ್ರ ಗದ್ದಲ ಅಂತ ನಿಮಗ ಯಾರು ಹೇಳಿಕೊಟ್ರು? ನಾ ಮೂವತ್ತು ವರ್ಷ ಬಾಯ್ಲರ್ ಮುಂದ ನಿಂತೇನಿ. ಅದು ಗದ್ದಲ ಅಲ್ರಿ, ಲೆಕ್ಕ. ಎಷ್ಟು ಕೈಗೆ ಬಂತು, ಎಷ್ಟು ಇನ್ನ ಕೈಗೆ ಬರಂಗಿಲ್ಲ, ಅದರ ಲೆಕ್ಕ. ಮತ್ತ ಯಾವತ್ತೂ ಕಡಿಮಿ ಆಗಂಗಿಲ್ಲ ಅಂದ್ರಿ. ನಿಮ್ಮನಿ ಫ್ರಿಜ್ಜಿನಾಗ ನೀರು ಬರ್ಫ ಆಗ್ತೈತೋ ಇಲ್ಲೋ? ಆ ನೀರಿನ ಎಂಟ್ರೊಪಿ ಕಡಿಮಿ ಆಗ್ತೈತೋ ಇಲ್ಲೋ?”

ನನ್ನ ಬಾಯಿಂದ ಮಾತು ಹೊರಡಲಿಲ್ಲ. ಎರಡು ವಾಕ್ಯ ಹೇಳಿದ್ದೆ, ಎರಡೂ ತಪ್ಪು.

ನಿಮ್ಮ ಹತ್ತಿರ ಮುಚ್ಚಿಡೋದೇನಿದೆ? ಥರ್ಮೋಡೈನಮಿಕ್ಸ್ ಪೇಪರಿನಲ್ಲಿ ನನಗೆ ಒಳ್ಳೆಯ ಅಂಕವೇ ಬಂದಿತ್ತು. ಶಾಖವನ್ನು ತಾಪಮಾನದಿಂದ ಭಾಗಿಸಬೇಕು ಅನ್ನೋ ಸೂತ್ರ ಬಾಯಿಪಾಠ. ಸ್ಟೀಮ್ ಟೇಬಲ್ ತೆರೆದು ಎಂಟ್ರೊಪಿಯ ಕಾಲಂನಲ್ಲಿ ಬೆರಳಿಟ್ಟು ಸಂಖ್ಯೆ ಎತ್ತೋದು, ಉತ್ತರಕ್ಕೆ ಎರಡು ಗೆರೆ ಎಳೆಯೋದು, ಮುಂದಿನ ಪ್ರಶ್ನೆ. ಆ ಪದ ಎಲ್ಲಿಂದ ಬಂತು, ಯಾಕೆ ಬಂತು ಅಂತ ಯಾರೂ ಹೇಳಲಿಲ್ಲ. ನಾನೂ ಕೇಳಲಿಲ್ಲ. ಪದವಿ ಬಂತು, ಪದ ಬರಲಿಲ್ಲ. ಹಾಗಾಗಿ ಹತ್ತು ವರ್ಷ ತಡವಾಗಿ ಓದೋಕೆ ಕೂತೆ. ಓದಿದ್ದನ್ನು ನಿಮಗೆ ಹೇಳೋದು ನನ್ನ ಋಣ.

ಕಥೆ ಶುರುವಾಗೋದು ಒಂದು ಸೋತ ದೇಶದಿಂದ.

1815. ವಾಟರ್‌ಲೂನಲ್ಲಿ ನೆಪೋಲಿಯನ್ ಸೋತ. ಅವನ ಸರ್ಕಾರದಲ್ಲಿ ಮಂತ್ರಿಯಾಗಿದ್ದ ಲಝಾರ್ ಕಾರ್ನೊ ದೇಶಭ್ರಷ್ಟನಾದ. ಲಝಾರ್ ರಾಜಕಾರಣಿ ಮಾತ್ರ ಅಲ್ಲ, ಗಣಿತಜ್ಞ, ಯಂತ್ರಗಳ ಬಗ್ಗೆ ಪುಸ್ತಕ ಬರೆದವನು. ಪರ್ಷಿಯಾದ ಕವಿ ಸಾದಿಯ ಮೇಲಿನ ಅಭಿಮಾನಕ್ಕೆ ಮಗನಿಗೆ ಆ ಕವಿಯ ಹೆಸರನ್ನೇ ಇಟ್ಟಿದ್ದ. ಸಾದಿ ಕಾರ್ನೊ. ಸೈನ್ಯದ ಇಂಜಿನಿಯರ್ ಆದ ಈ ಹುಡುಗನ ತಲೆ ತಿನ್ನುತ್ತಿದ್ದ ಪ್ರಶ್ನೆ ಒಂದೇ: ಇಂಗ್ಲೆಂಡ್ ನಮ್ಮನ್ನು ಮೀರಿಸಿದ್ದು ಯಾವುದರಿಂದ?

ಅವನಿಗೆ ಕಂಡ ಉತ್ತರ, ಸ್ಟೀಮ್ ಎಂಜಿನ್. ನ್ಯೂಕಮೆನ್ 1712ರಲ್ಲಿ ಗಣಿಯ ನೀರೆತ್ತಲು ಹಬೆಯ ಯಂತ್ರ ಮಾಡಿದ್ದ. ಜೇಮ್ಸ್ ವಾಟ್ 1769ರಲ್ಲಿ ಪ್ರತ್ಯೇಕ ಕಂಡೆನ್ಸರ್‌ಗೆ ಪೇಟೆಂಟ್ ಪಡೆದು ಅದನ್ನು ಸುಧಾರಿಸಿದ್ದ. ಆದರೂ ಸುಟ್ಟ ಕಲ್ಲಿದ್ದಲ ಶಾಖದಲ್ಲಿ ಕೆಲಸವಾಗಿ ಕೈಗೆ ಸಿಗುತ್ತಿದ್ದದ್ದು ನೂರಕ್ಕೆ ಕೆಲವೇ ಪಾಲು. ಮಿಕ್ಕಿದ್ದೆಲ್ಲ ಹೊಗೆಯಲ್ಲಿ, ನೀರಲ್ಲಿ, ಗಾಳಿಯಲ್ಲಿ ಹೋಗುತ್ತಿತ್ತು. ಇಂಗ್ಲೆಂಡಿನವರು ಯಂತ್ರ ತಿದ್ದುತ್ತಾ ಹೋದರು. ಕಾರ್ನೊ ಯಂತ್ರವನ್ನು ಪಕ್ಕಕ್ಕಿಟ್ಟು ಕೇಳಿದ: ಎಷ್ಟೇ ಒಳ್ಳೆಯ ಯಂತ್ರ ಮಾಡಿದರೂ ಬೆಂಕಿಯಿಂದ ಗರಿಷ್ಠ ಎಷ್ಟು ಕೆಲಸ ತೆಗೆಯಬಹುದು? ಅದಕ್ಕೊಂದು ಮಿತಿ ಇದೆಯಾ?

1824ರಲ್ಲಿ, 28ನೇ ವಯಸ್ಸಿಗೆ, ಬೆಂಕಿಯ ಚಾಲಕ ಶಕ್ತಿಯ ಬಗ್ಗೆ ಒಂದು ಸಣ್ಣ ಪುಸ್ತಕ ಅಚ್ಚು ಹಾಕಿಸಿದ. 118 ಪುಟ. ಅದರ ಸಾರ ನಿಮಗೆ ಅರ್ಥ ಆಗೋದು ಕಷ್ಟ ಅಲ್ಲ. ನೀರಿನ ಚಕ್ರ ತಿರುಗಬೇಕಾದರೆ ನೀರು ಎತ್ತರದಿಂದ ತಗ್ಗಿಗೆ ಬೀಳಬೇಕು. ಹಾಗೇ ಶಾಖದ ಯಂತ್ರ ತಿರುಗಬೇಕಾದರೆ ಶಾಖ ಬಿಸಿಯಿಂದ ತಣ್ಣಗಿನ ಕಡೆಗೆ ಬೀಳಬೇಕು. ಬರೀ ಬೆಂಕಿ ಇದ್ದರೆ ಸಾಲದು, ತಣ್ಣಗಿರುವ ಜಾಗವೂ ಬೇಕು. ಎಷ್ಟು ಕೆಲಸ ಸಿಗುತ್ತೆ ಅನ್ನೋದು ಈ ಎರಡು ತಾಪಮಾನಗಳ ಮೇಲೆ ನಿಂತಿದೆ. ಯಂತ್ರದೊಳಗೆ ಹಬೆ ಇರಲಿ, ಗಾಳಿ ಇರಲಿ, ಮಿತಿ ಒಂದೇ.

ಪುಸ್ತಕವನ್ನು ಹೆಚ್ಚು ಜನ ಓದಲಿಲ್ಲ. 1832ರ ಆಗಸ್ಟ್ 24ರಂದು ಕಾರ್ನೊ ಕಾಲರಾಕ್ಕೆ ಬಲಿಯಾದ. ವಯಸ್ಸು 36. ಕಾಲರಾ ಅಂಟೀತು ಅನ್ನೋ ಹೆದರಿಕೆಯಲ್ಲಿ ಅವನ ಸಾಮಾನು, ಕಾಗದಪತ್ರಗಳಲ್ಲಿ ಬಹುಪಾಲನ್ನು ನಾಶ ಮಾಡಿದರು ಎನ್ನುತ್ತಾರೆ. ಎರಡು ವರ್ಷದ ನಂತರ ಕ್ಲಾಪೇರೊನ್ ಎಂಬ ಇಂಜಿನಿಯರ್ ಆ ವಿಚಾರವನ್ನು ಗಣಿತದ ಭಾಷೆಯಲ್ಲಿ ಬರೆಯದೇ ಹೋಗಿದ್ದರೆ, ಪುಸ್ತಕದ ಜೊತೆ ವಿಚಾರವೂ ಹೋಗಿಬಿಡುತ್ತಿತ್ತೇನೋ. 1845ರಲ್ಲಿ ಪ್ಯಾರಿಸಿಗೆ ಬಂದ ವಿಲಿಯಂ ಥಾಮ್ಸನ್, ಅಂದರೆ ಮುಂದೆ ಲಾರ್ಡ್ ಕೆಲ್ವಿನ್ ಆದವನು, ಅಂಗಡಿ ಅಂಗಡಿ ಅಲೆದರೂ ಕಾರ್ನೊ ಪುಸ್ತಕದ ಒಂದು ಪ್ರತಿ ಸಿಗಲಿಲ್ಲ.

ಈಗ ಕಥೆಯ ತಿರುವು. ಕಾರ್ನೊ ಹೇಳಿದ್ದರಲ್ಲಿ ಒಂದು ದೊಡ್ಡ ತಪ್ಪಿತ್ತು.

ಆ ಕಾಲದಲ್ಲಿ ಶಾಖ ಅಂದರೆ ಕಣ್ಣಿಗೆ ಕಾಣದ ಒಂದು ದ್ರವ ಅಂತ ನಂಬಿದ್ದರು. ಹೆಸರು ಕ್ಯಾಲೊರಿಕ್. ಅದನ್ನು ಸೃಷ್ಟಿ ಮಾಡೋಕೂ ಆಗಲ್ಲ, ನಾಶ ಮಾಡೋಕೂ ಆಗಲ್ಲ. ಕಾರ್ನೊನ ಲೆಕ್ಕದಲ್ಲೂ ಮೇಲಿಂದ ಬಿದ್ದ ಶಾಖವೆಲ್ಲ ಕೆಳಗೆ ಹಾಗೇ ಬಂದು ಸೇರುತ್ತೆ, ಚಕ್ರ ತಿರುಗಿಸಿದ ನೀರಿನಂತೆ. ಆದರೆ 1840ರ ದಶಕದಲ್ಲಿ ಇಂಗ್ಲೆಂಡಿನ ಮ್ಯಾಂಚೆಸ್ಟರ್ ಕಡೆಯ ಜೇಮ್ಸ್ ಜೌಲ್, ಹೆಂಡ ತಯಾರಿಸುವ ಮನೆತನದ ಮಗ, ಪ್ರಯೋಗದ ಮೇಲೆ ಪ್ರಯೋಗ ಮಾಡಿದ. ತೂಕದ ಗುಂಡನ್ನು ಕೆಳಗಿಳಿಸಿ ಅದರಿಂದ ನೀರಿನೊಳಗಿನ ಚಕ್ರ ತಿರುಗಿಸಿದ. ನೀರು ಬಿಸಿಯಾಯಿತು. ಅಂದರೆ ಕೆಲಸ ಶಾಖವಾಯಿತು. ಶಾಖ ದ್ರವವೇ ಅಲ್ಲ, ಅದೂ ಶಕ್ತಿಯ ಒಂದು ರೂಪ ಅಂದ.

ಈಗ ಯಾರ ಮಾತು ನಂಬೋದು? ಶಾಖ ಉಳಿಯುತ್ತೆ, ಬೀಳೋದಷ್ಟೇ ಅಂತ ಕಾರ್ನೊ. ಶಾಖ ಖರ್ಚಾಗಿ ಕೆಲಸವಾಗುತ್ತೆ ಅಂತ ಜೌಲ್. ನಮ್ಮ ಸ್ಟುಡಿಯೋ ಆಗಿದ್ದರೆ ಇಬ್ಬರನ್ನೂ ಎದುರುಬದುರು ಕೂರಿಸಿ ಒಂದು ಗಂಟೆ ಕಿರುಚಾಡಿಸಿ ಕಳಿಸುತ್ತಿದ್ದೆವು. ಥಾಮ್ಸನ್ನನಂಥ ಮೇಧಾವಿಯೇ 1849ರಲ್ಲಿ ಇದು ಬಗೆಹರಿಯುತ್ತಿಲ್ಲ ಅಂತ ಕೈಚೆಲ್ಲಿ ಕೂತಿದ್ದ.

ಬಗೆಹರಿಸಿದವನು ರುಡಾಲ್ಫ್ ಕ್ಲಾಸಿಯಸ್. ಹುಟ್ಟಿದ್ದು 1822ರಲ್ಲಿ, ಪ್ರಷ್ಯಾದ ಕ್ಯೋಸ್ಲಿನ್ ಊರಲ್ಲಿ. ಆ ಊರು ಇವತ್ತು ಪೋಲೆಂಡಿನಲ್ಲಿದೆ. 1850ರಲ್ಲಿ ಅವನು ಬರ್ಲಿನ್‌ನಲ್ಲಿದ್ದು ಬರೆದ ಪ್ರಬಂಧ ಹೇಳಿದ್ದು ಇಷ್ಟು: ಇಬ್ಬರೂ ಸರಿ, ಕಾರ್ನೊನ ಒಂದು ನಂಬಿಕೆ ಮಾತ್ರ ಬಿಡಬೇಕು. ಬಿಸಿ ಕಡೆಯಿಂದ ಬಂದ ಶಾಖದಲ್ಲಿ ಒಂದು ಪಾಲು ಖರ್ಚಾಗಿ ಕೆಲಸವಾಗುತ್ತೆ, ಜೌಲ್ ಹೇಳಿದ ಹಾಗೆ. ಇನ್ನೊಂದು ಪಾಲು ಕೆಲಸವಾಗದೆ ತಣ್ಣಗಿನ ಕಡೆಗೆ ಬಿದ್ದೇ ಬೀಳುತ್ತೆ, ಕಾರ್ನೊ ಹೇಳಿದ ಹಾಗೆ. ಯಾಕೆ ಬೀಳಲೇಬೇಕು? ಶಾಖ ತಾನಾಗಿಯೇ ತಣ್ಣಗಿರುವ ವಸ್ತುವಿನಿಂದ ಬಿಸಿ ವಸ್ತುವಿಗೆ ಹತ್ತಲ್ಲ. ಅದು ಪ್ರಕೃತಿಯ ಸ್ವಭಾವ.

ಈ ಪ್ರಬಂಧ ಬರೆಯುವಾಗ ಕಾರ್ನೊನ ಪುಸ್ತಕ ಕ್ಲಾಸಿಯಸ್‌ಗೂ ಸಿಕ್ಕಿರಲಿಲ್ಲ. ಸಿಗಲಿಲ್ಲ, ಬೇರೆಯವರು ಬರೆದದ್ದರಿಂದ ತಿಳಿದುಕೊಂಡೆ ಅಂತ ಅಡಿಟಿಪ್ಪಣಿಯಲ್ಲಿ ಪ್ರಾಮಾಣಿಕವಾಗಿ ಬರೆದಿದ್ದಾನೆ. ಆಗ ಅವನ ವಯಸ್ಸೂ 28. ಇನ್ನೊಂದು ವಿಷಯ ಕೇಳಿ. 1878ರಲ್ಲಿ ಕಾರ್ನೊನ ತಮ್ಮ ಅಣ್ಣನ ಉಳಿದ ಟಿಪ್ಪಣಿಗಳನ್ನು ಪ್ರಕಟಿಸಿದಾಗ ಗೊತ್ತಾಯಿತು: ಸಾಯುವ ಮೊದಲೇ ಕಾರ್ನೊ ಕ್ಯಾಲೊರಿಕ್ ನಂಬಿಕೆಯನ್ನು ಕೈಬಿಟ್ಟಿದ್ದ. ತನ್ನ ತಪ್ಪನ್ನು ತಾನೇ ತಿದ್ದಿಕೊಂಡಿದ್ದ. ಜಗತ್ತಿಗೆ ಹೇಳುವಷ್ಟು ಆಯಸ್ಸು ಇರಲಿಲ್ಲ.

ಹೀಗೆ ಎರಡು ಸಂಗತಿ ಕೈಗೆ ಬಂದವು. ಒಂದು, ಶಕ್ತಿ ನಾಶವಾಗಲ್ಲ. ಇನ್ನೊಂದು, ನಾಶವಾಗದಿದ್ದರೂ ಏನೋ ಒಂದು ಕೈತಪ್ಪಿ ಹೋಗುತ್ತೆ. ಮೊದಲನೆಯದಕ್ಕೆ ಹೆಸರಿತ್ತು, ಎನರ್ಜಿ. ಈ ಅರ್ಥದಲ್ಲಿ ಆ ಪದವನ್ನು ಥಾಮಸ್ ಯಂಗ್ 1807ರಲ್ಲೇ ಬಳಸಿದ್ದ. ಎರಡನೆಯದಕ್ಕೆ ಹೆಸರೇ ಇರಲಿಲ್ಲ. ಕ್ಲಾಸಿಯಸ್ 1854ರಲ್ಲೇ ಅದರ ಲೆಕ್ಕ ಹಾಕಿದ್ದ. ಹೆಸರಿಡೋಕೆ ಇನ್ನೂ 11 ವರ್ಷ ತೆಗೆದುಕೊಂಡ.

1865ರ ಏಪ್ರಿಲ್ 24. ಅಮೆರಿಕದಲ್ಲಿ ಅಬ್ರಹಾಂ ಲಿಂಕನ್‌ಗೆ ಗುಂಡು ಬಿದ್ದು ಹತ್ತು ದಿನವಾಗಿತ್ತು. ಸುದ್ದಿ ಹಡಗಿನಲ್ಲಿ ಬರಬೇಕು, ಲಂಡನ್ನಿಗೆ ತಲುಪಿದ್ದು 26ಕ್ಕೆ. ಅಂಥ ಕಾಲದಲ್ಲಿ, ಸ್ವಿಟ್ಜರ್ಲೆಂಡಿನ ಜ್ಯೂರಿಕ್‌ನ ಒಂದು ವಿಜ್ಞಾನ ಸಂಘದ ಸಭೆಯಲ್ಲಿ, ಅಲ್ಲಿ ಪ್ರೊಫೆಸರ್ ಆಗಿದ್ದ ಕ್ಲಾಸಿಯಸ್ ಎದ್ದುನಿಂತು ತನ್ನ ಪ್ರಬಂಧ ಓದಿದ. ಅವತ್ತು ‘ಎಂಟ್ರೊಪಿ’ ಹುಟ್ಟಿತು.

ಹೆಸರಿಡುವಾಗ ಅವನು ಮಾಡಿದ ಯೋಚನೆ ನೋಡಿ. ಜರ್ಮನ್ನಿನಲ್ಲಿ ಇದಕ್ಕೆ ‘ಫೆರ್‌ವಾಂಡ್‌ಲುಂಗ್ಸ್‌ಇನ್‌ಹಾಲ್ಟ್’ ಅನ್ನಬಹುದಿತ್ತು, ಅಂದರೆ ಮಾರ್ಪಾಟಿನ ಅಂಶ. ಟೆಲಿಪ್ರಾಂಪ್ಟರ್‌ನಲ್ಲಿ ಈ ಪದ ಬಂದರೆ ನಾನು ರಾಜೀನಾಮೆ ಕೊಡ್ತೀನಿ! ಕ್ಲಾಸಿಯಸ್‌ಗೆ ಬೇರೆ ಕಾರಣ ಇತ್ತು. ಇಷ್ಟು ಮುಖ್ಯವಾದ ಪರಿಮಾಣಕ್ಕೆ ಹಳೆಯ ಭಾಷೆಯಿಂದ ಹೆಸರು ತರಬೇಕು, ಆಗ ಇವತ್ತಿನ ಎಲ್ಲ ಭಾಷೆಯವರೂ ಅದನ್ನು ಹಾಗೇ ಬಳಸಬಹುದು ಅಂತ ಅವನ ವಾದ. ಗ್ರೀಕಿನಲ್ಲಿ ‘ತ್ರೊಪೆ’ ಅಂದರೆ ತಿರುವು, ಮಾರ್ಪಾಟು. ಭೂಪಟದ ‘ಟ್ರಾಪಿಕ್’ ರೇಖೆಗಳಿಗೂ ಅದೇ ಮೂಲ, ಸೂರ್ಯ ಅಲ್ಲಿಗೆ ಬಂದು ಹಿಂದಿರುಗುತ್ತಾನಲ್ಲ, ಅದಕ್ಕೆ. ಈ ತ್ರೊಪೆಗೆ ಮುಂದೆ ‘ಎನ್’ ಸೇರಿಸಿದ. ಯಾಕೆ? ಎನರ್ಜಿಯ ಪಕ್ಕದಲ್ಲಿ ಅಕ್ಕ-ತಂಗಿಯ ಹಾಗೆ ಕಾಣಲಿ ಅಂತ. ಎರಡೂ ಒಂದಕ್ಕೊಂದು ಹತ್ತಿರದವು, ಹೆಸರಲ್ಲೂ ಹೋಲಿಕೆ ಇರಲಿ ಅಂತ ಅವನೇ ಬರೆದಿದ್ದಾನೆ. ಎನರ್ಜಿ ಅಂದರೆ ಒಳಗಿನ ಕೆಲಸ. ಎಂಟ್ರೊಪಿ ಅಂದರೆ ಒಳಗಿನ ಮಾರ್ಪಾಟು. ಸಂಕೇತಕ್ಕೆ ‘ಎಸ್’ ಅಕ್ಷರ ಆರಿಸಿದ. ಯಾಕೆ ಎಸ್ ಅಂತ ಕಾರಣ ಕೊಡಲಿಲ್ಲ.

ಗಮನಿಸಿ, ಹುಟ್ಟಿದ ಹೆಸರಲ್ಲಿ ಗದ್ದಲವೂ ಇಲ್ಲ, ಅವ್ಯವಸ್ಥೆಯೂ ಇಲ್ಲ. ಇರೋದು ಬರೀ ಮಾರ್ಪಾಟು.

ಹಾಗಾದರೆ ಆ ಲೆಕ್ಕ ಏನು? ಪೆನ್ನು ಕಾಗದ ಬೇಡ, ಮನಸ್ಸಿನಲ್ಲೇ ಮಾಡಬಹುದು. ಒಂದು ವಸ್ತು 227 ಡಿಗ್ರಿ ಸೆಲ್ಸಿಯಸ್ ಬಿಸಿ ಇದೆ. ಕೆಲ್ವಿನ್ ಅಳತೆಯಲ್ಲಿ ಅದು 500. ಪಕ್ಕದಲ್ಲಿ 27 ಡಿಗ್ರಿಯ ಇನ್ನೊಂದು ವಸ್ತು, ಅದು 300 ಕೆಲ್ವಿನ್. ಬಿಸಿಯದರಿಂದ ತಣ್ಣಗಿನದಕ್ಕೆ 1000 ಜೌಲ್ ಶಾಖ ಸುಮ್ಮನೆ ಹರಿಯಿತು ಅಂದುಕೊಳ್ಳಿ. ಶಾಖವನ್ನು ತಾಪಮಾನದಿಂದ ಭಾಗಿಸಿ. ಬಿಸಿ ವಸ್ತು ಕಳಕೊಂಡದ್ದು 1000 ಭಾಗಿಸು 500, ಅಂದರೆ 2. ತಣ್ಣನೆಯದು ಪಡಕೊಂಡದ್ದು 1000 ಭಾಗಿಸು 300, ಅಂದರೆ 3.33. ಶಕ್ತಿಯ ಲೆಕ್ಕ ಸರಿಹೋಯಿತು, 1000 ಹೋಯಿತು, 1000 ಬಂತು. ಆದರೆ ಎಂಟ್ರೊಪಿಯ ಲೆಕ್ಕದಲ್ಲಿ 1.33 ಹೊಸದಾಗಿ ಹುಟ್ಟಿಕೊಂಡಿತು. ಎಲ್ಲಿಂದಲೂ ಬಂದದ್ದಲ್ಲ, ಹರಿದಿದ್ದರಿಂದಲೇ ಹುಟ್ಟಿದ್ದು.

ಆ 1.33ರ ಬೆಲೆ ಏನು? ಅದೇ ಎರಡು ವಸ್ತುಗಳ ನಡುವೆ ಕಾರ್ನೊ ಹೇಳಿದ ಆದರ್ಶ ಯಂತ್ರ ಇಟ್ಟಿದ್ದರೆ ಆ 1000 ಜೌಲ್‌ನಲ್ಲಿ 400 ಜೌಲ್ ಕೆಲಸ ಸಿಗುತ್ತಿತ್ತು. ನಾವು ಇಡಲಿಲ್ಲ, ಸುಮ್ಮನೆ ಹರಿಯಲು ಬಿಟ್ಟೆವು. ಈಗ ಆ 1.33ನ್ನು ತಣ್ಣಗಿನ ತಾಪಮಾನ 300ರಿಂದ ಗುಣಿಸಿ. 400! ಕೈತಪ್ಪಿ ಹೋದ ಕೆಲಸದ ಲೆಕ್ಕ ಪೈಸೆ ಪೈಸೆ ಅದರಲ್ಲಿದೆ. ಈ ಗುಣಾಕಾರ ಮಾಡಿದಾಗ ನನಗೆ ಮೈ ಜುಮ್ಮೆಂದಿತು. ಪರೀಕ್ಷೆಯಲ್ಲಿ ಇಂಥ ಲೆಕ್ಕ ಎಷ್ಟೋ ಮಾಡಿದ್ದೆ. ಉತ್ತರ ಬರೆದಿದ್ದೆ, ನೋಡಿರಲಿಲ್ಲ. ರಾಯಚೂರಿನ ಹಿರಿಯರು ಹೇಳಿದ ‘ಇನ್ನ ಕೈಗೆ ಬರಂಗಿಲ್ಲ’ ಅನ್ನೋ ಮಾತು ಇದೇ.

ಅವರ ಫ್ರಿಜ್ಜಿನ ಮಾತೂ ಸರಿ. ನೀರು ಮಂಜುಗಡ್ಡೆಯಾದಾಗ ನೀರಿನ ಎಂಟ್ರೊಪಿ ಕಡಿಮೆಯಾಗುತ್ತೆ. ಆದರೆ ಫ್ರಿಜ್ಜಿನ ಹಿಂದೆ ಕೈ ಹಿಡಿದು ನೋಡಿ, ಬಿಸಿ ಗಾಳಿ. ಅಡುಗೆಮನೆಗೆ ಬಿದ್ದ ಆ ಶಾಖದಿಂದ ಎಂಟ್ರೊಪಿ ಅದಕ್ಕಿಂತ ಹೆಚ್ಚಾಗಿರುತ್ತೆ. ಒಂದು ಕಡೆ ಇಳಿಯಬಹುದು, ಒಟ್ಟು ಮೊತ್ತ ಇಳಿಯಲ್ಲ. ಕ್ಲಾಸಿಯಸ್ ತನ್ನ ಪ್ರಬಂಧವನ್ನು ಎರಡು ಪುಟ್ಟ ವಾಕ್ಯಗಳಿಂದ ಮುಗಿಸಿದ. ವಿಶ್ವದ ಶಕ್ತಿ ಬದಲಾಗದು ಅನ್ನೋದು ಒಂದು, ವಿಶ್ವದ ಎಂಟ್ರೊಪಿ ಗರಿಷ್ಠದ ಕಡೆ ಸಾಗುತ್ತದೆ ಅನ್ನೋದು ಇನ್ನೊಂದು. ಇದನ್ನು ಹಿಡಿದು ‘ವಿಶ್ವದ ಸಾವು’ ಅಂತ ಆಗಲೇ ಬಹಳ ಚರ್ಚೆಯಾಯಿತು. ವರ್ಷಕ್ಕೆರಡು ಸಲ ಪ್ರಳಯ ತರುವ ನಮ್ಮಂಥ ಚಾನೆಲ್‌ನವರು ಆಗ ಇರಲಿಲ್ಲ, ಅಷ್ಟೇ.

ಮಗುವಿಗೆ ನಾಮಕರಣವೇನೋ ಆಯಿತು. ಊರಿನವರು ತಪ್ಪು ಹೆಸರಿನಿಂದ ಕರೆಯೋಕೆ ಹೆಚ್ಚು ಸಮಯ ಬೇಕಾಗಲಿಲ್ಲ.

ಸ್ಕಾಟ್ಲೆಂಡಿನ ಪೀಟರ್ ಗಥ್ರಿ ಟೇಟ್ ದೊಡ್ಡ ಪ್ರೊಫೆಸರ್, ಥಾಮ್ಸನ್ನನ ಆಪ್ತ ಮಿತ್ರ. ಕೀರ್ತಿ ಥಾಮ್ಸನ್‌ಗೆ ಸೇರಬೇಕೋ ಕ್ಲಾಸಿಯಸ್‌ಗೋ ಅನ್ನೋ ಜಗಳದಲ್ಲಿ ಅವನು ಗೆಳೆಯನ ಕಡೆ. 1868ರಲ್ಲಿ ಟೇಟ್ ಬರೆದ ಪುಸ್ತಕದಲ್ಲಿ ‘ಎಂಟ್ರೊಪಿ’ ಪದವನ್ನು ತಿರುಗಾ ಮುರುಗಾ ಮಾಡಿದ. ಕೈಗೆ ಬರದ ಪಾಲಿಗೆ ಸಂಬಂಧಿಸಿದ ಪದವನ್ನು, ಕೈಗೆ ಬರುವ ಪಾಲಿಗೆ ಬಳಸಿದ. ಅವನನ್ನು ನಂಬಿ ಜೇಮ್ಸ್ ಕ್ಲರ್ಕ್ ಮ್ಯಾಕ್ಸ್‌ವೆಲ್ ಕೂಡ 1871ರಲ್ಲಿ ತನ್ನ ಶಾಖದ ಪುಸ್ತಕದಲ್ಲಿ ಅದೇ ತಪ್ಪು ಅರ್ಥ ಬರೆದ. ಮ್ಯಾಕ್ಸ್‌ವೆಲ್ ಅಂದರೆ ಸಾಮಾನ್ಯನಲ್ಲ. ಬೆಳಕು, ವಿದ್ಯುತ್ತು, ಕಾಂತ ಮೂರನ್ನೂ ಒಂದೇ ಸೂತ್ರದಲ್ಲಿ ಕಟ್ಟಿದವನು. ಅಂಥವನ ಪುಸ್ತಕದಲ್ಲಿ ಅಚ್ಚಾದ ಮೇಲೆ ಓದಿದವರೆಲ್ಲ ಅದನ್ನೇ ನಂಬುತ್ತಾರೆ.

ತಪ್ಪನ್ನು ತೋರಿಸಿದವನು ಅಮೆರಿಕದ ಯೇಲ್‌ನಲ್ಲಿದ್ದ ವಿಲ್ಲರ್ಡ್ ಗಿಬ್ಸ್. ಆಗ ಅವನ ಹೆಸರು ಯುರೋಪಿನಲ್ಲಿ ಹೆಚ್ಚು ಜನಕ್ಕೆ ಗೊತ್ತಿರಲಿಲ್ಲ. 1873ರ ಒಂದು ಪ್ರಬಂಧದ ಅಡಿಟಿಪ್ಪಣಿಯಲ್ಲಿ, ಒಂದೇ ಪದಕ್ಕೆ ಎರಡು ಅರ್ಥ ಬಂದು ಗೊಂದಲವಾಗಿದೆ ಅಂತ ತಣ್ಣಗೆ ಬರೆದ. ಮ್ಯಾಕ್ಸ್‌ವೆಲ್ ಏನು ಮಾಡಿದ? ನೀನ್ಯಾರಯ್ಯ ನನಗೆ ಹೇಳೋಕೆ ಅಂದನಾ? ಇಲ್ಲ. ಪುಸ್ತಕದ ಮುಂದಿನ ಆವೃತ್ತಿಯಲ್ಲಿ ತನ್ನಿಂದ ತಪ್ಪಾಗಿತ್ತು ಅಂತ ಒಪ್ಪಿಕೊಂಡು ತಿದ್ದಿದ. ಅಷ್ಟಕ್ಕೇ ನಿಲ್ಲಿಸಲಿಲ್ಲ. ಗಿಬ್ಸ್‌ನ ವಿಚಾರ ಎಷ್ಟು ಹಿಡಿಸಿತೆಂದರೆ, ಶಕ್ತಿ, ಎಂಟ್ರೊಪಿ, ಗಾತ್ರ ಮೂರನ್ನೂ ತೋರಿಸುವ ಒಂದು ಮಾದರಿಯನ್ನು ತನ್ನ ಕೈಯಾರೆ ಮಾಡಿ, ಅದರ ಅಚ್ಚನ್ನು ಗಿಬ್ಸ್‌ಗೆ ಕಳಿಸಿಕೊಟ್ಟ.

ಈ ಭಾಗ ಓದಿದಾಗ ನಾನು ಪುಸ್ತಕ ಮುಚ್ಚಿಟ್ಟು ಸ್ವಲ್ಪ ಹೊತ್ತು ಕೂತೆ. ನನ್ನ ತಪ್ಪಿಗೂ ಒಂದು ಫೋನ್ ಬಂದಿತ್ತಲ್ಲ.

ಹಾಗಾದರೆ ಗದ್ದಲ, ಅವ್ಯವಸ್ಥೆ ಅನ್ನೋ ಅರ್ಥ ಎಲ್ಲಿಂದ ಬಂತು? ಅದು ಪೂರ್ತಿ ಸುಳ್ಳೂ ಅಲ್ಲ. ಅದರ ಹಿಂದೆ ಆಸ್ಟ್ರಿಯಾದ ಲುಡ್ವಿಗ್ ಬೋಲ್ಟ್ಸ್‌ಮನ್ ಇದ್ದಾನೆ. ವಸ್ತುವೆಲ್ಲ ಅಣುಗಳಿಂದಾಗಿದೆ, ಎಂಟ್ರೊಪಿಯ ಗುಟ್ಟು ಆ ಅಣುಗಳ ಎಣಿಕೆಯಲ್ಲಿದೆ ಅಂದ ಅವನು, 1877ರಲ್ಲಿ. ಹತ್ತು ನಾಣ್ಯ ಚಿಮ್ಮಿ. ಹತ್ತೂ ತಲೆ ಬೀಳೋಕೆ ಇರೋದು ಒಂದೇ ದಾರಿ. ಐದು ತಲೆ ಐದು ಬಾಲ ಬೀಳೋಕೆ 252 ದಾರಿಗಳಿವೆ. ಹಾಗಾಗಿ ಐದು-ಐದು ಪದೇ ಪದೇ ಕಾಣುತ್ತೆ, ಹತ್ತೂ ತಲೆ ಅಪರೂಪ. ಯಾರೂ ನಾಣ್ಯಕ್ಕೆ ಆಜ್ಞೆ ಮಾಡಿಲ್ಲ, ದಾರಿಗಳ ಸಂಖ್ಯೆಯೇ ಹಾಗಿದೆ. ಹತ್ತರ ಬದಲು ಕೋಟಿ ಕೋಟಿ ಕೋಟಿ ಅಣುಗಳಿದ್ದರೆ ‘ಅಪರೂಪ’ ಅನ್ನೋದು ‘ಆಗೋದೇ ಇಲ್ಲ’ ಅಂತಾಗುತ್ತೆ. ತಣ್ಣಗಾದ ಕಾಫಿ ತಾನಾಗಿಯೇ ಬಿಸಿಯಾಗದಿರೋದು ಇದಕ್ಕೇ. ಎಂಟ್ರೊಪಿ ಅಂದರೆ ಈ ದಾರಿಗಳ ಎಣಿಕೆ. ದಾರಿ ಹೆಚ್ಚಿದ್ದ ಸ್ಥಿತಿ ನಮ್ಮ ಕಣ್ಣಿಗೆ ಬಹಳ ಸಲ ಚೆಲ್ಲಾಪಿಲ್ಲಿಯಾಗಿ ಕಾಣುತ್ತೆ, ಅದಕ್ಕೇ ‘ಅವ್ಯವಸ್ಥೆ’ ಅನ್ನೋ ಹೋಲಿಕೆ ಹುಟ್ಟಿತು. ಅದು ಹೋಲಿಕೆ, ಅರ್ಥ ಅಲ್ಲ. ಅಣುಗಳ ಲೆಕ್ಕವನ್ನು ಪಕ್ಷದ ಶಾಸಕರಿಗೆ ಹಚ್ಚೋಕೆ ಬರಲ್ಲ.

ಅಣುಗಳೇ ಇಲ್ಲ, ಇದೆಲ್ಲ ಕಲ್ಪನೆ ಅನ್ನುವ ದೊಡ್ಡವರ ಜೊತೆ ಬೋಲ್ಟ್ಸ್‌ಮನ್ ವರ್ಷಗಟ್ಟಲೆ ವಾದ ಮಾಡಬೇಕಾಯಿತು. ಅನಾರೋಗ್ಯ, ಖಿನ್ನತೆ ಬೇರೆ. 1906ರಲ್ಲಿ ತಾನೇ ಪ್ರಾಣ ಕಳೆದುಕೊಂಡ. ವಿಯೆನ್ನಾದಲ್ಲಿ ಅವನ ಸಮಾಧಿಯ ಮೇಲೆ ಎಂಟ್ರೊಪಿಯ ಸೂತ್ರ ಕೆತ್ತಿದ್ದಾರೆ. ಆ ರೂಪದಲ್ಲಿ ಅದನ್ನು ಬರೆದವನು ಮ್ಯಾಕ್ಸ್ ಪ್ಲಾಂಕ್. ವಿಚಾರ ಮಾತ್ರ ಬೋಲ್ಟ್ಸ್‌ಮನ್‌ನದು.

ಇನ್ನು ನಾನು ಮಾಡಿದ ಕೆಲಸಕ್ಕೂ ಇತಿಹಾಸದಲ್ಲಿ ಒಂದು ಜಾಗ ಇದೆ. 1948ರಲ್ಲಿ ಅಮೆರಿಕದ ಕ್ಲಾಡ್ ಶಾನನ್, ಸಂದೇಶಗಳಲ್ಲಿ ಎಷ್ಟು ಮಾಹಿತಿ ಇದೆ ಅಂತ ಅಳೆಯುವ ಒಂದು ಸೂತ್ರ ಪ್ರಕಟಿಸಿದ. ನೀವು ಇವತ್ತು ಮೊಬೈಲಿನಲ್ಲಿ ನೋಡುವ ವಿಡಿಯೊ, ನಮ್ಮ ಡಿಜಿಟಲ್ ಪ್ರಸಾರ ಎಲ್ಲದರ ಬುಡದಲ್ಲಿ ಅದಿದೆ. ಅದಕ್ಕೆ ಅವನು ಇಟ್ಟ ಹೆಸರೂ ಎಂಟ್ರೊಪಿ! ಯಾಕೆ? 1971ರಲ್ಲಿ ಮೈರನ್ ಟ್ರೈಬಸ್ ಬರೆದ ಪ್ರಕಾರ ಸಲಹೆ ಕೊಟ್ಟವನು ಗಣಿತಜ್ಞ ಜಾನ್ ಫಾನ್ ನಾಯ್ಮನ್. ಅವನು ಕೊಟ್ಟ ಕಾರಣ ಎರಡು. ಒಂದು, ಇದೇ ರೀತಿಯ ಸೂತ್ರ ಭೌತವಿಜ್ಞಾನದಲ್ಲಿ ಆ ಹೆಸರಿನಲ್ಲಿ ಮೊದಲೇ ಇದೆ. ಎರಡನೆಯದು, ಎಂಟ್ರೊಪಿ ಅಂದರೆ ನಿಜವಾಗಿ ಏನು ಅಂತ ಯಾರಿಗೂ ಗೊತ್ತಿಲ್ಲ, ಹಾಗಾಗಿ ವಾದದಲ್ಲಿ ಯಾವಾಗಲೂ ನಿನ್ನ ಕೈಯೇ ಮೇಲಾಗುತ್ತೆ.

ಅವನು ತಮಾಷೆಗೆ ಹೇಳಿದ್ದಿರಬಹುದು. ಆದರೆ ಆ ರಾತ್ರಿ ನಾನು ಮಾಡಿದ್ದು ಅದನ್ನೇ, ಗಂಭೀರವಾಗಿ, ಲಕ್ಷಾಂತರ ಜನರ ಮುಂದೆ. ಎದುರಿನವರಿಗೆ ಗೊತ್ತಿಲ್ಲದ ಪದ ಎಸೆದು ಗೆದ್ದೆ. ನನಗೂ ಗೊತ್ತಿರಲಿಲ್ಲ ಅನ್ನೋದು ಮಾತ್ರ ಯಾರಿಗೂ ಕಾಣಲಿಲ್ಲ. ಸುಳ್ಳು ಹೇಳೋದು ಒಂದು ತಪ್ಪು. ಗೊತ್ತಿಲ್ಲದ್ದನ್ನು ಫಿಸಿಕ್ಸ್ ಹೆಸರಲ್ಲಿ, ಇಂಜಿನಿಯರಿಂಗ್ ಪದವಿಯ ಗತ್ತಿನಲ್ಲಿ ಹೇಳೋದು ಅದಕ್ಕಿಂತ ದೊಡ್ಡ ತಪ್ಪು. ನಂಬಿ ಕೂತ ವೀಕ್ಷಕರು ಅದನ್ನು ಪರೀಕ್ಷೆ ಮಾಡೋಕೆ ಹೋಗಲ್ಲ.

ತಿದ್ದುಪಡಿ ಹೇಳಬೇಕು ಅಂತ ಸಂಪಾದಕೀಯ ಮೀಟಿಂಗಿನಲ್ಲಿ ಹೇಳಿದೆ. “ಇದಕ್ಕೆಲ್ಲ ಯಾರು ಸಾರ್ ತಿದ್ದುಪಡಿ ಹೇಳ್ತಾರೆ? ಯಾರು ಕೇಳ್ತಾರೆ?” ಅಂದರು. ನಿಜ, ರಾಯಚೂರಿನ ಒಬ್ಬರು ಬಿಟ್ಟು ಯಾರೂ ಕೇಳಿರಲಿಲ್ಲ. ಕೊನೆಗೆ ಬುಲೆಟಿನ್ ಮುಗಿಯುವ ಮುಂಚೆ 40 ಸೆಕೆಂಡ್ ಸಿಕ್ಕಿತು. ಕ್ಲಾಸಿಯಸ್ ಹೆಸರು ಹೇಳಿದೆ. ಎಂಟ್ರೊಪಿ ಅಂದರೆ ಗದ್ದಲ ಅಲ್ಲ, ಮಾರ್ಪಾಟಿನ ಲೆಕ್ಕ ಅಂತ ಹೇಳಿದೆ. ವಕ್ತಾರರ ಹೆಸರು ಹಿಡಿದು ಕ್ಷಮೆ ಕೇಳಿದೆ. ಹಳೆಯ ತುಣುಕು ಮಾತ್ರ ಇವತ್ತಿಗೂ ಫೋನಿಂದ ಫೋನಿಗೆ ಓಡಾಡುತ್ತಲೇ ಇದೆ. ತಿದ್ದುಪಡಿಯನ್ನು ಯಾರೂ ಕತ್ತರಿಸಿ ಹಂಚಲಿಲ್ಲ. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು ಅಂತ ನಮ್ಮ ಹಿರಿಯರು ಹೇಳಿದ್ದು ಸುಮ್ಮನೆ ಅಲ್ಲ. ಅಣುವಿನ ಲೆಕ್ಕ ಮನುಷ್ಯರಿಗೆ ಹಚ್ಚಬಾರದು ಅಂತ ಈಗಷ್ಟೇ ಹೇಳಿದೆ, ಹಾಗಾಗಿ ಇದು ಹೋಲಿಕೆ ಅಂತಲೇ ಇಟ್ಟುಕೊಳ್ಳಿ.

ವಕ್ತಾರರು ಮರುದಿನ ಫೋನ್ ಮಾಡಿದರು. “ಅವತ್ತು ಹಂಗಂದ್ರೇನು ಅಂತ ನಿಮ್ಮನ್ನೇ ಕೇಳಿಬಿಡೋಣ ಅಂದ್ಕೊಂಡೆ ಸಾರ್. ನಾಚಿಕೆ ಆಯ್ತು, ಸುಮ್ಮನಾದೆ” ಅಂದರು. ಕೇಳಿದ್ದರೆ ಆ ಚರ್ಚೆ ಅಲ್ಲೇ ಮುಗಿಯುತ್ತಿತ್ತು. ನನ್ನ ಹತ್ತಿರ ಉತ್ತರ ಇರಲಿಲ್ಲ.

ರಾಯಚೂರಿನ ಹಿರಿಯರಿಗೆ ನಾನೇ ಫೋನ್ ಮಾಡಿದೆ. ಆ 1.33ರ ಲೆಕ್ಕ ಒಪ್ಪಿಸಿದೆ, ಶಾಲೆ ಹುಡುಗನ ಥರ. ಅವರು ಹುರುಪಿನಿಂದ ತಮ್ಮ ಹಳೆಯ 210 ಮೆಗಾವಾಟ್ ಘಟಕದ ಕಥೆ ಶುರು ಮಾಡಿದರು. ಹಬೆ ಸುಮಾರು 540 ಡಿಗ್ರಿಗೆ ಟರ್ಬೈನಿಗೆ ಹೋಗುತ್ತಿತ್ತಂತೆ. ಕಲ್ಲಿದ್ದಲ ಶಾಖದಲ್ಲಿ ಕರೆಂಟಾಗಿ ತಂತಿಗೆ ಏರುತ್ತಿದ್ದದ್ದು ಸುಮಾರು ಮೂರರಲ್ಲಿ ಒಂದು ಪಾಲು. ಮಿಕ್ಕಿದ್ದರಲ್ಲಿ ಬಹುಪಾಲು ಕಂಡೆನ್ಸರಿನ ನೀರಿಗೆ.

“ಆ ನೀರು ಮುಟ್ಟಿ ನೋಡ್ರಿ ಸರ, ಬೆಚ್ಚಗ ಇರ್ತೈತಿ. ಶಾಖ ಎಲ್ಲೂ ಹೋಗಿಲ್ಲ, ಅಲ್ಲೇ ಐತಿ. ಆದ್ರ ಒಂದು ಬಲ್ಬ್ ಹಚ್ಚಾಕ ಬರಂಗಿಲ್ಲ” ಅಂದರು. ಆಮೇಲೆ ಸ್ವಲ್ಪ ತಡೆದು, “ನಿನ್ನೆ ಟಿವಿಯೊಳಗ ಹೇಳಿದ್ದು ನೋಡಿದ್ನಿ. ಛಲೋ ಆತು” ಅಂದರು.